ಸಂಕೋಚದ ಮಾತು, ವೈದ್ಯರ ಓದು

2023ರ ಕಾರ್ತಿಕ ಮಾಸದ ಒಂದು ಸಂಜೆ ನಮ್ಮ ಸೋದರಸೊಸೆಯೊಬ್ಬಳು ಮನೆಗೆ ಬಂದಳು. ಆಕೆ ವೈದ್ಯಕೀಯ ಓದಿ, ಸಮುದಾಯ ಆರೋಗ್ಯದ ವಿಷಯದಲ್ಲಿ ಉನ್ನತ ಪದವಿ ಪಡೆದವಳು. ಕುಶಲಪ್ರಶ್ನೆಗಳು ಮುಗಿದು ಚಹಾ ಸೇವನೆಯೂ ಆದ ಬಳಿಕ ತನ್ನ ಚೀಲದಿಂದ ಮುದ್ರಿತ ಹಾಳೆಗಳ ಕಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟು, “ಇದನ್ನು ನೀವಿಬ್ಬರೂ ಓದಬೇಕು, ಓದಿದ ಮೇಲೆ ನನಗೊಂದು ಉಪಕಾರ ಮಾಡಬೇಕು” ಎಂದಳು. ಮೊದಲ ಹಾಳೆಯ ಶೀರ್ಷಿಕೆಯನ್ನು ಕಂಡೊಡನೆ ನಾವು ಆ ಕಟ್ಟನ್ನು ಪಂಚಾಂಗದ ಕೆಳಗೆ ಸರಿಸಿದೆವು. ಪಕ್ಕದ ಕೋಣೆಯಲ್ಲಿ ಮೊಮ್ಮಕ್ಕಳಿದ್ದರು.

ಅವಳೂ ಅವಳ ಕೆಲವು ಸಹಪಾಠಿಗಳೂ ಬಿಡುವಿನ ವೇಳೆಯಲ್ಲಿ, ಯಾರಿಂದಲೂ ಹಣ ಪಡೆಯದೆ, ಲೈಂಗಿಕ ಆರೋಗ್ಯವನ್ನು ಕುರಿತ ಕನ್ನಡ ಜಾಲತಾಣವೊಂದನ್ನು ಸಿದ್ಧಪಡಿಸುತ್ತಿದ್ದರು. ಮುಟ್ಟು, ಬಿಳಿಸೆರಗು, ಗರ್ಭನಿರೋಧ, ದಾಂಪತ್ಯದ ಆರಂಭದ ಆತಂಕಗಳು, ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳು, ಹೀಗೆ ನಲವತ್ತು ಪುಟಗಳು. ಅವುಗಳನ್ನು ಜನರ ಮುಂದಿಡುವ ಮೊದಲು ದಿನವೂ ರೋಗಿಗಳನ್ನು ಕಾಣುವ ವೈದ್ಯರೂ ದಾದಿಯರೂ ಓದಿ ತಪ್ಪು ತೋರಿಸಿಕೊಡಬೇಕೆಂಬುದು ಅವಳ ಹಠ. “ನಾವು ಹುಡುಗರು ಹೋದರೆ ಹಿರಿಯ ವೈದ್ಯರು ಹೊರಗೆ ಕೂರಿಸುತ್ತಾರೆ. ನಿಮ್ಮ ಹತ್ತಿರ ಓದಿದ ಎಷ್ಟೋ ಮಂದಿ ಇಂದು ವೈದ್ಯರಾಗಿದ್ದಾರೆ. ನೀವು ಕೇಳಿದರೆ ಇಲ್ಲವೆನ್ನಲಾರರು” ಎಂದಳು.

ನಾವು ದಂಪತಿಗಳಿಬ್ಬರೂ ನಿವೃತ್ತ ಶಿಕ್ಷಕರು. ನಮ್ಮಲ್ಲೊಬ್ಬರು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಬೋಧಿಸಿದವರು. ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗಲೆಲ್ಲ ಹೂವಿನ ಪರಾಗಸ್ಪರ್ಶವನ್ನು ಎರಡು ತಾಸು ವಿಸ್ತರಿಸಿ ಹೇಳಿ, ಮನುಷ್ಯನ ಭಾಗಕ್ಕೆ ಬಂದೊಡನೆ “ಇದನ್ನು ಮನೆಯಲ್ಲಿ ಓದಿಕೊಳ್ಳಿರಿ” ಎಂದು ಪುಟ ತಿರುವಿದವರು. ಮನೆಯಲ್ಲಿ ಯಾರು ಹೇಳಿಕೊಡುತ್ತಾರೆಂಬ ಪ್ರಶ್ನೆ ಅಂದು ನಮಗೆ ಹೊಳೆಯಲೇ ಇಲ್ಲ. 2005ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ವಿರೋಧ ಎದ್ದಾಗ, ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ನಾವೂ ವಿರೋಧಿಸುವವರ ಮಾತಿಗೇ ತಲೆದೂಗಿದ್ದೆವು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆದರೂ ಆ ಕಟ್ಟನ್ನು ನಾವು ಮರಳಿಸಲಿಲ್ಲ. ಕಾರಣ, ನಮ್ಮ ಆಪ್ತ ಕುಟುಂಬವೊಂದರ ಹುಡುಗ. 2019ರಲ್ಲಿ ಅವನು ಪದವಿಯ ಎರಡನೆಯ ವರ್ಷದಲ್ಲಿದ್ದ. ನಿದ್ರೆಯಲ್ಲಿ ಧಾತು ಹೋಗುತ್ತಿದೆ, ಅದರಿಂದ ರಕ್ತವೇ ಬತ್ತುತ್ತಿದೆ, ಮುಂದೆ ಸಂಸಾರಕ್ಕೆ ತಾನು ನಾಲಾಯಕ್ಕು ಎಂಬ ಭಯ ಅವನನ್ನು ಹಿಡಿದಿತ್ತು. ಬಸ್ ನಿಲ್ದಾಣದ ಗೋಡೆಯ ಮೇಲಿನ ಚೀಟಿ ನೋಡಿ, ತಿಂಗಳಿಗೊಮ್ಮೆ ವಸತಿಗೃಹದ ಕೋಣೆಯಲ್ಲಿ ಬಂದು ಕೂರುವ ‘ಗುಪ್ತರೋಗ ತಜ್ಞ’ನೊಬ್ಬನನ್ನು ಕಂಡ. ಮುಂದೆ ಔಷಧದ ಪೊಟ್ಟಣಗಳು ಅಂಚೆಯಲ್ಲಿ ಬರತೊಡಗಿದವು. ಶುಲ್ಕದ ಹಣ ಹೋಯಿತು, ಕೊರಳಿನ ಚಿನ್ನದ ಎಳೆ ಹೋಯಿತು, ಓದು ನಿಂತಿತು. ಒಂದು ರಾತ್ರಿ ಹೊಲದ ಬಾವಿಯ ಬಳಿ ಒಬ್ಬನೇ ನಿಂತಿದ್ದವನನ್ನು ಕಾವಲಿಗೆ ಬಂದಿದ್ದ ಆಳು ಕೈಹಿಡಿದು ಮನೆಗೆ ಕರೆತಂದ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಎದುರಿಗೆ ಕೂರಿಸಿಕೊಂಡು, ಹದಿಹರೆಯದಲ್ಲಿ ಸ್ವಪ್ನಸ್ಖಲನವು ಸಹಜವೆಂದೂ, ಅದರಿಂದ ರಕ್ತ ಬತ್ತುವುದಿಲ್ಲವೆಂದೂ, ಹೋದದ್ದನ್ನು ದೇಹ ತಾನಾಗಿ ಮತ್ತೆ ಉತ್ಪಾದಿಸುವುದೆಂದೂ ತಿಳಿಸಿ ಹೇಳಿದರು. ಕುಗ್ಗಿದ ಮನಸ್ಸಿಗೆ ಕೆಲಕಾಲ ಚಿಕಿತ್ಸೆಯೂ ನಡೆಯಿತು. ಆ ಭಯಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ. ನಮ್ಮ ದೇಶದ ಮನೋವೈದ್ಯ ನರೇಂದ್ರನಾಥ ವಿಗ್ ಅವರು 1960ರಲ್ಲಿಯೇ ಇದನ್ನು ಗುರುತಿಸಿ ‘ಧಾತ್ ಸಿಂಡ್ರೋಮ್’ ಎಂದು ಕರೆದಿದ್ದರು. ಹೆಸರಿಟ್ಟು ಅರವತ್ತು ವರ್ಷ ಸಮೀಪಿಸಿದ್ದರೂ ನಮ್ಮ ಹುಡುಗನಿಗೆ ಸುದ್ದಿ ತಲುಪಿರಲಿಲ್ಲ. ವಸತಿಗೃಹದ ಕೋಣೆಯ ವಿಳಾಸ ಮಾತ್ರ ತಲುಪಿತ್ತು.

ಇಂಥ ಜಾಹೀರಾತುಗಳಿಗೆ ಕಾನೂನಿನ ತಡೆ ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ಲೈಂಗಿಕ ಶಕ್ತಿವರ್ಧನೆಯ ಹೆಸರಿನಲ್ಲಿ ಔಷಧಗಳ ಜಾಹೀರಾತು ನೀಡುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಆದರೆ ಗೋಡೆಯ ಚೀಟಿಯನ್ನು ಕೆರೆದು ಹಾಕುವಷ್ಟರಲ್ಲಿ ಅದೇ ಚೀಟಿ ಮಕ್ಕಳ ಕೈಯೊಳಗಿನ ಮೊಬೈಲಿಗೆ ಬಂದು ಕುಳಿತಿದೆ. ಅಂಗೈಯಲ್ಲಿ ಸುಳ್ಳು ಕನ್ನಡದಲ್ಲಿ ಸುಲಭವಾಗಿ ಸಿಗುತ್ತದೆ. ನಿಜವೂ ಕನ್ನಡದಲ್ಲಿ, ಅದೇ ಅಂಗೈಯಲ್ಲಿ ಸಿಗಬೇಡವೇ ಎಂಬುದು ಸೋದರಸೊಸೆಯ ವಾದ. ನಮಗೆ ಎದುರು ಮಾತು ತೋಚಲಿಲ್ಲ.

ಈ ಬಗೆಯ ಪ್ರಯತ್ನ ಹೊಸತೇನೂ ಅಲ್ಲ. ನಮ್ಮವರೇ ಆದ ಡಾ. ಅನುಪಮಾ ನಿರಂಜನ ಅವರು ವೈದ್ಯವೃತ್ತಿಯ ನಡುವೆಯೇ ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಮುಂತಾದ ಪುಸ್ತಕಗಳನ್ನು ಬರೆದು ಕನ್ನಡದ ಹೆಣ್ಣುಮಕ್ಕಳಿಗೆ ಉಪಕಾರ ಮಾಡಿದರು. ನಮ್ಮ ಮದುವೆಯ ಕಾಲದಲ್ಲಿ ಅಂಥ ಪುಸ್ತಕವೊಂದು ಓರಗಿತ್ತಿಯರ ಕೈಯಿಂದ ಕೈಗೆ ಸೀರೆಯ ಮಡಿಕೆಯಲ್ಲಿ ಅಡಗಿ ಸಂಚರಿಸಿದ್ದು ಇಂದಿಗೂ ನೆನಪಿದೆ. ಅನುಪಮಾ ಅವರು 1991ರಲ್ಲಿ ತೀರಿಕೊಂಡರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯವು 1993ರಷ್ಟು ಹಿಂದೆಯೇ ವಿದ್ಯಾರ್ಥಿಗಳ ಆರೋಗ್ಯ ಪ್ರಶ್ನೆಗಳಿಗೆ ಅಂತರ್ಜಾಲದಲ್ಲಿ ಉತ್ತರಿಸುವ ವ್ಯವಸ್ಥೆ ಮಾಡಿತು. ದೆಹಲಿಯಲ್ಲಿ 1996ರಲ್ಲಿ ಹುಟ್ಟಿದ ‘ತಾರ್ಷಿ’ ಸಂಸ್ಥೆ ದೂರವಾಣಿಯ ಮೂಲಕ ಹಲವು ವರ್ಷ ಇದೇ ಕೆಲಸ ಮಾಡಿತು. ಮುಂಬಯಿಯ ಡಾ. ಮಹಿಂದರ್ ವತ್ಸ ಅವರು 2020ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ಕಣ್ಮುಚ್ಚುವವರೆಗೂ ಪತ್ರಿಕೆಯ ಓದುಗರ ಇಂಥ ಪ್ರಶ್ನೆಗಳಿಗೆ ಉತ್ತರ ಬರೆದ ವೈದ್ಯರೆಂದೇ ಹೆಸರಾಗಿದ್ದರು. ಇಲ್ಲೆಲ್ಲ ಒಂದು ಅನುಕೂಲವಿತ್ತು: ಉತ್ತರದ ಹಿಂದೆ ಬಲ್ಲವರಿದ್ದಾರೆಂಬುದು ಓದುಗನಿಗೆ ಗೊತ್ತಿತ್ತು. ಇಂದು ಮೊಬೈಲಿನಲ್ಲಿ ಕಾಣುವ ಪುಟವನ್ನು ಯಾರು ಬರೆದರು, ಯಾರು ಓದಿ ಒಪ್ಪಿದರು ಎಂಬುದು ತಿಳಿಯುವುದು ಹೇಗೆ? ಜಿನೀವಾದ ಸಂಸ್ಥೆಯೊಂದು 1996ರಿಂದ ಆರೋಗ್ಯ ಜಾಲತಾಣಗಳಿಗೆ ಎಂಟು ನಿಯಮಗಳನ್ನು ವಿಧಿಸಿ, ಪಾಲಿಸಿದವರಿಗೆ ಒಂದು ಮುದ್ರೆ ಕೊಡುತ್ತಿತ್ತು. 2022ರ ಕೊನೆಗೆ ಅದೂ ನಿಂತುಹೋಯಿತು. ಆದ್ದರಿಂದ ಊರಿನ ವೈದ್ಯರ ಬಾಗಿಲು ತಟ್ಟುವುದೇ ಉಳಿದ ದಾರಿಯಾಯಿತು.

ಮೊದಲ ತಿಂಗಳು ನಾವು ಮಾಡಿದ್ದು ಶುದ್ಧ ಅವಿವೇಕ. ನಲವತ್ತು ಪುಟಗಳ ಕಟ್ಟನ್ನು ಹನ್ನೊಂದು ಪ್ರತಿ ಮಾಡಿಸಿ, “ದಯವಿಟ್ಟು ಓದಿ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ” ಎಂಬ ಪತ್ರದೊಡನೆ ಲಗ್ನಪತ್ರಿಕೆ ಹಂಚುವವರಂತೆ ಹನ್ನೊಂದು ವೈದ್ಯರಿಗೆ ಕೊಟ್ಟು ಬಂದೆವು. ಎಲ್ಲರೂ ಆದರದಿಂದ ಕೂರಿಸಿ ಎಳನೀರು ಕೊಟ್ಟರು. ಎರಡು ತಿಂಗಳಾದರೂ ಒಂದು ಕಟ್ಟೂ ಮರಳಲಿಲ್ಲ. ಒಂದು ಚಿಕಿತ್ಸಾಲಯದಲ್ಲಿ ನಮ್ಮ ಹಾಳೆಗಳು ಮಾತ್ರೆ ಕಟ್ಟಿಕೊಡುವ ಕಾಗದವಾಗಿದ್ದವು. ಹಾಳೆಯ ಮೇಲೆ ಏನು ಅಚ್ಚಾಗಿದೆಯೆಂದು ತಿಳಿದು ಮನೆಗೊಯ್ದ ರೋಗಿಗಳ ಮುಖಭಾವವನ್ನು ಊಹಿಸಿ ನಾವು ಬಹಳ ದಿನ ನಕ್ಕಿದ್ದೇವೆ.

ಕಣ್ಣು ತೆರೆಯಿಸಿದವರು ಹಿರಿಯ ಸ್ತ್ರೀರೋಗತಜ್ಞೆಯೊಬ್ಬರು. “ದಿನಕ್ಕೆ ಅರವತ್ತು ಎಪ್ಪತ್ತು ಮಂದಿಯನ್ನು ನೋಡುತ್ತೇನೆ, ನಡುರಾತ್ರಿ ಹೆರಿಗೆಗೆ ಏಳುತ್ತೇನೆ. ನಲವತ್ತು ಪುಟ ಯಾವಾಗ ಓದಲಿ? ಅಭಿಪ್ರಾಯವೆಂದರೆ ಏನು ಹೇಳಲಿ? ‘ಚೆನ್ನಾಗಿದೆ’ ಎಂದು ಬರೆದುಕೊಟ್ಟರೆ ನಿಮಗೆ ಸಾಕೇ?” ಎಂದು ನೇರವಾಗಿ ಕೇಳಿದರು. ಸಾಕಾಗದು ಎಂದೆವು. “ಹಾಗಾದರೆ ನನಗೆ ಗೊತ್ತಿರುವ ಎರಡು ಪುಟ ಕೊಡಿರಿ, ಏನು ಹುಡುಕಬೇಕೆಂದು ಹೇಳಿರಿ” ಎಂದರು.

ಅಂದಿನಿಂದ ಕ್ರಮ ಬದಲಾಯಿತು. ಒಬ್ಬರಿಗೆ ಎರಡೇ ಪುಟ. ಗರ್ಭನಿರೋಧದ ಪುಟ ಸ್ತ್ರೀರೋಗ ತಜ್ಞರಿಗೆ, ಹುಣ್ಣು ಸ್ರಾವಗಳ ಪುಟ ಚರ್ಮ ಮತ್ತು ಲೈಂಗಿಕ ರೋಗಗಳ ತಜ್ಞರಿಗೆ, ಭಯ ಮತ್ತು ದೌರ್ಬಲ್ಯದ ಪುಟ ಮನೋವೈದ್ಯರಿಗೆ. ಜೊತೆಗೆ ಮೂರೇ ಪ್ರಶ್ನೆಗಳು: ಇದನ್ನು ನಂಬಿ ನಡೆದ ರೋಗಿಗೆ ಹಾನಿಯಾಗುವ ಮಾತು ಎಲ್ಲಿದೆ? ನಿಮ್ಮಲ್ಲಿಗೆ ಬರುವವರು ನಿತ್ಯ ಕೇಳುವ, ಇಲ್ಲಿ ಉತ್ತರವಿಲ್ಲದ ಪ್ರಶ್ನೆ ಯಾವುದು? ಯಾವ ಲಕ್ಷಣ ಕಂಡರೆ ಓದುವುದನ್ನು ಬಿಟ್ಟು ಕೂಡಲೇ ಆಸ್ಪತ್ರೆಗೆ ಬರಬೇಕು? ಹಾಳೆಯ ಸಂಗಡ ಒಂದು ಕೆಂಪು ಲೇಖನಿ. ಹೋಗುವ ಹೊತ್ತು ಮಧ್ಯಾಹ್ನ ಹೊರರೋಗಿ ವಿಭಾಗ ಮುಗಿದ ಮೇಲೆ, ಊಟಕ್ಕೆ ಏಳುವ ಮೊದಲು. ಹೇಳಿದರೆ ನಗಬಹುದು, ಆದರೆ ಕೆಂಪು ಲೇಖನಿಯೇ ಕೆಲಸ ಮಾಡಿತು. ಅಭಿಪ್ರಾಯ ಕೇಳಿದಾಗ ಸುಮ್ಮನಿದ್ದ ವೈದ್ಯರು ತಪ್ಪು ತಿದ್ದಿರೆಂದಾಗ ಕುರ್ಚಿ ಮುಂದಕ್ಕೆಳೆದು ಕುಳಿತರು. ಮಾಸ್ತರರ ಬರಹದಲ್ಲಿ ತಪ್ಪು ಹುಡುಕುವ ಅವಕಾಶ ಶಿಷ್ಯರಿಗೆ ಮತ್ತೆಂದು ಸಿಕ್ಕೀತು?

ಹೆಸರಿನ ಪ್ರಶ್ನೆ ಮಾತ್ರ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಓದಿಕೊಡುತ್ತೇವೆ, ಆದರೆ ನಮ್ಮ ಹೆಸರು ಬೇಡ ಎಂದವರೇ ಹೆಚ್ಚು. ವೈದ್ಯರ ನಡತೆಯನ್ನು ಕುರಿತ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ರೋಗಿಗಳನ್ನು ಸೆಳೆಯುವ ಜಾಹೀರಾತನ್ನು ನಿಷೇಧಿಸಿರುವುದರಿಂದ, ಜಾಲತಾಣದಲ್ಲಿ ಹೆಸರು ಬಂದರೆ ಅದೂ ಜಾಹೀರಾತಾದೀತೆಂಬ ಅಂಜಿಕೆ ಕೆಲವರಿಗೆ. ಮತ್ತೆ ಕೆಲವರು ಬಾಯಿಬಿಟ್ಟು ಹೇಳದ ಕಾರಣ ನಮಗೆ ತಿಳಿಯದ್ದೇನಲ್ಲ. ಚಿಕ್ಕ ಊರು, ‘ಆ ವಿಷಯದ ಡಾಕ್ಟರು’ ಎಂಬ ಅಡ್ಡಹೆಸರು ಒಮ್ಮೆ ಅಂಟಿದರೆ ಸಂಸಾರಸ್ಥರು ಆ ಚಿಕಿತ್ಸಾಲಯದ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಇತ್ತ ಹೆಸರಿಲ್ಲದ ಮಾತನ್ನು ಓದುಗ ಏಕೆ ನಂಬಬೇಕು? ಬಹಳ ಚರ್ಚೆಯ ನಂತರ, ಬರಹದಲ್ಲಿ ಒಪ್ಪಿಗೆ ಕೊಟ್ಟವರ ಹೆಸರು ಮತ್ತು ಪದವಿಯನ್ನಷ್ಟೇ, ಚಿಕಿತ್ಸಾಲಯದ ವಿಳಾಸವಿಲ್ಲದೆ ಹಾಕುವುದೆಂದೂ, ಉಳಿದವರ ವಿಷಯದಲ್ಲಿ ಮೌನವೆಂದೂ, ಎಲ್ಲ ಪುಟಗಳಲ್ಲೂ ತಜ್ಞರು ಓದಿದ ತಿಂಗಳು ಮತ್ತು ವರ್ಷ ಕಡ್ಡಾಯವೆಂದೂ ನಿಶ್ಚಯವಾಯಿತು. ಇದು ಪೂರ್ಣ ಸಮಾಧಾನದ ಉತ್ತರವೆಂದು ನಮಗೆ ಇಂದಿಗೂ ಅನಿಸಿಲ್ಲ. ಔಷಧ ಕಂಪನಿಯೊಂದರ ಪ್ರತಿನಿಧಿ ವೈದ್ಯರನ್ನೆಲ್ಲ ಒಂದೆಡೆ ಸೇರಿಸಿ ಊಟದ ಏರ್ಪಾಡು ಮಾಡುವೆನೆಂದು ಮುಂದೆ ಬಂದಾಗ ಸೋದರಸೊಸೆ ಕೈಮುಗಿದು ಬೇಡವೆಂದಳು. ಅದು ಸರಿಯಾದ ನಿರ್ಧಾರ. ಮಾತ್ರೆಯ ಹೆಸರು ಯಾವ ಪುಟದಲ್ಲಿ ಹೇಗೆ ನುಸುಳುತ್ತಿತ್ತೋ ಯಾರು ಬಲ್ಲರು?

ಇಷ್ಟೆಲ್ಲ ಓಡಾಟದಲ್ಲಿ ನಾವು ವೈದ್ಯರನ್ನಷ್ಟೇ ಹುಡುಕುತ್ತಿದ್ದೆವು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವೈದ್ಯರಿಗಾಗಿ ಕಾದು ಕುಳಿತಿದ್ದಾಗ, ಇಪ್ಪತ್ತೈದು ವರ್ಷ ಸೇವೆ ಮಾಡಿದ ದಾದಿಯೊಬ್ಬರು ಹಾಳೆಗಳನ್ನು ಬಗ್ಗಿ ನೋಡಿ, “ಅಲ್ರೀ ಸರ, ಹೆಣ್ಮಕ್ಕಳು ಡಾಕ್ಟರ ಮುಂದ ಇದನ್ನೆಲ್ಲ ಹೇಳ್ತಾರೇನ್ರಿ? ಡಾಕ್ಟರ ಕೋಲಿಯಿಂದ ಹೊರಗ ಬಂದು ನಮಗ ಹೇಳ್ತಾರ. ನಮ್ಮನ್ನ ಕೇಳಂಗಿಲ್ಲೇನು?” ಎಂದರು. ನಾವು ನಾಚಿದೆವು. ಆ ಮಧ್ಯಾಹ್ನ ಅವರಿಗೆ ನಾಲ್ಕು ಪುಟ ಓದಿ ಹೇಳಿದೆವು. ಮುಂದಿನ ವಾರ ಉಪಕೇಂದ್ರದ ಇಬ್ಬರು ಆರೋಗ್ಯ ಸಹಾಯಕಿಯರೂ ಮೂವರು ಆಶಾ ಕಾರ್ಯಕರ್ತೆಯರೂ ಸೇರಿದರು. ವೈದ್ಯರು ತಿದ್ದಿದ್ದು ವಿಷಯವನ್ನು. ಈ ತಾಯಂದಿರು ತಿದ್ದಿದ್ದು ಭಾಷೆಯನ್ನು. ಮೂವತ್ತು ವರ್ಷ ಕನ್ನಡದಲ್ಲಿ ಪಾಠ ಹೇಳಿದ ನಮಗೆ ಕನ್ನಡವೇ ಗೊತ್ತಿರಲಿಲ್ಲವೆಂದು ಅಂದು ತಿಳಿಯಿತು.

ಹಾಳೆಯಲ್ಲಿ ‘ಗರ್ಭಾಶಯಾಂತರ್ಗತ ಗರ್ಭನಿರೋಧಕ ಸಾಧನ’ ಎಂದಿತ್ತು. ಆಶಾ ಕಾರ್ಯಕರ್ತೆಯೊಬ್ಬಳು ಅದನ್ನು ಎರಡು ಸಲ ಓದಿ, ಉಸಿರು ತೆಗೆದುಕೊಂಡು, “ವಂಕಿ ಅನ್ರಿ” ಎಂದಳು. ಹೌದು, ತೋಳಿನ ಒಡವೆಯ ಹೆಸರೇ ಕಾಪರ್-ಟಿಗೂ ಬಂದು ಎಷ್ಟೋ ಕಾಲವಾಗಿದೆ. ಬರೆದವರಿಗೆ ಮಾತ್ರ ಗೊತ್ತಿರಲಿಲ್ಲ. ‘ಶ್ವೇತಪ್ರದರ’ ಎಂದರೆ ಯಾರಿಗೂ ತಿಳಿಯದು, ಬಿಳಿಸೆರಗು ಎಂದರೆ ಎಲ್ಲರಿಗೂ ತಿಳಿಯುವುದು. ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಚುಚ್ಚುಮದ್ದನ್ನು ‘ಅಂತರಾ’ ಎಂದೂ, ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಆಮೇಲೆ ವಾರಕ್ಕೊಮ್ಮೆ ನುಂಗುವ ಮಾತ್ರೆಯನ್ನು ‘ಛಾಯಾ’ ಎಂದೂ ಸರ್ಕಾರಿ ಹೆಸರುಗಳಿಂದಲೇ ಹೆಣ್ಣುಮಕ್ಕಳು ಕೇಳುತ್ತಾರೆ. ಆ ಹೆಸರುಗಳನ್ನೇ ಹಾಕಿರಿ ಎಂದರು. ‘ಲೈಂಗಿಕ ಸಂಗಾತಿ’ ಎಂಬ ಮಾತಿಗೆ ಎಲ್ಲರೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಪ್ತಸಮಾಲೋಚಕಿಯೊಬ್ಬರು ನಗಲಿಲ್ಲ. ‘ಗಂಡ ಹೆಂಡತಿ’ ಎಂದಷ್ಟೇ ಬರೆದರೆ ಮದುವೆಯಾಗದವರು, ಗಂಡನ ಕೈಬಿಟ್ಟವರು ತಮಗಲ್ಲವೆಂದು ಪುಟ ಮುಚ್ಚುತ್ತಾರೆ ಎಂದರು. ಎರಡನ್ನೂ ಹಾಕುವುದೆಂದಾಯಿತು.

ಬಿಳಿಸೆರಗಿನ ಪುಟದ ಮೇಲೆ ಒಂದು ಇಡೀ ತಾಸು ಹೋಯಿತು. ಹಾಳೆಯಲ್ಲಿ ‘ಬಿಳಿಸೆರಗು ಕಂಡರೆ ವೈದ್ಯರನ್ನು ಕಾಣಿರಿ’ ಎಂದಿತ್ತು. ದಾದಿಯವರ ಆಕ್ಷೇಪ ತೀಕ್ಷ್ಣವಾಗಿತ್ತು. ತಿಂಗಳ ನಡುವೆ ತಿಳಿಯಾದ, ವಾಸನೆಯಿಲ್ಲದ ಸ್ರಾವ ಆರೋಗ್ಯವಂತ ಹೆಣ್ಣಿಗೂ ಇರುವುದೇ. ಅದನ್ನೇ ರೋಗವೆಂದು ಹೆದರಿ, ಸೊಂಟನೋವು, ಸುಸ್ತು, ತಲೆಸುತ್ತು ಎಲ್ಲವನ್ನೂ ಅದರ ಮೇಲೆ ಹೊರಿಸಿ, ಊರೂರು ಅಲೆಯುವ ಹೆಣ್ಣುಮಕ್ಕಳನ್ನು ತಾವು ನಿತ್ಯ ಕಾಣುತ್ತೇವೆ. ಹೆದರಬೇಕಾದದ್ದು ದುರ್ವಾಸನೆ, ತುರಿಕೆ, ಹಳದಿ ಹಸಿರು ಬಣ್ಣ, ಕಿಬ್ಬೊಟ್ಟೆಯ ನೋವು, ಸಂಪರ್ಕದ ನಂತರದ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಕಾಣುವ ರಕ್ತ. ಈ ಕೊನೆಯದನ್ನು ಹೇಳುವಾಗ ಅವರ ದನಿ ತಗ್ಗಿತು. ಅವರ ಸ್ವಂತ ಅತ್ತೆಯೇ ಆ ರಕ್ತವನ್ನು ಎರಡು ವರ್ಷ ಮುಚ್ಚಿಟ್ಟು, ಗರ್ಭಕೊರಳಿನ ಕ್ಯಾನ್ಸರ್ ಕೈಮೀರಿದ ಮೇಲೆ ಆಸ್ಪತ್ರೆಗೆ ಬಂದಿದ್ದರಂತೆ. ಮನೆಯಲ್ಲಿ ದಾದಿಯಿದ್ದೂ ಹೀಗಾಯಿತು. ಆ ಸಾಲು ಈಗ ಪುಟದ ನೆತ್ತಿಯಲ್ಲಿ, ಕೆಂಪಕ್ಷರದಲ್ಲಿದೆ.

ವೈದ್ಯರು ತೋರಿಸಿಕೊಟ್ಟ ತಪ್ಪುಗಳಲ್ಲಿ ಹೆಚ್ಚಿನವು ಹಳೆಯದಾದ ಮಾಹಿತಿಯವು. ಗರ್ಭಪಾತದ ಪುಟದಲ್ಲಿ ಕಾನೂನಿನ ಮಿತಿ 20 ವಾರವೆಂದಷ್ಟೇ ಇತ್ತು. 1971ರ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕೆಂದೂ, ನಿಗದಿಯಾದ ಕೆಲವು ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶವಿದೆಯೆಂದೂ, ಆಕೆಯ ಗುರುತನ್ನು ಬಯಲು ಮಾಡಕೂಡದೆಂದೂ ವಿಧಿಸಿರುವುದನ್ನು ಸೇರಿಸಬೇಕಾಯಿತು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಗೆ ಮೂರು ಡೋಸು ಬೇಕೆಂದು ಬರೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 9ರಿಂದ 20 ವರ್ಷದವರಿಗೆ ಒಂದು ಅಥವಾ ಎರಡು ಡೋಸು ಸಾಕೆಂದು 2022ರ ಡಿಸೆಂಬರಿನಲ್ಲಿಯೇ ತಿಳಿಸಿದೆ. ತುರ್ತು ಗರ್ಭನಿರೋಧಕ ಮಾತ್ರೆಯನ್ನು ‘ಮರುದಿನದ ಮಾತ್ರೆ’ ಎಂದು ಇಂಗ್ಲಿಷಿನಿಂದ ಅನುವಾದಿಸಿದ್ದರು. ಮರುದಿನ ಬೆಳಿಗ್ಗೆಯೇ ಎಂದು ಕಾಯುವುದೂ ತಪ್ಪು, ಮರುದಿನ ಮೀರಿದರೆ ಮುಗಿಯಿತೆಂದು ಕೈಚೆಲ್ಲುವುದೂ ತಪ್ಪು. 72 ತಾಸಿನೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು ಎಂದು ಬರೆಯಿರಿ, ಅದು ಗರ್ಭಪಾತದ ಮಾತ್ರೆಯಲ್ಲವೆಂಬುದನ್ನೂ ಬರೆಯಿರಿ ಎಂದರು.

ಲೈಂಗಿಕ ಸೋಂಕುಗಳ ಪುಟದಲ್ಲಿ ಔಷಧಗಳ ಹೆಸರನ್ನೂ ಪ್ರಮಾಣವನ್ನೂ ಪಟ್ಟಿ ಮಾಡಿದ್ದರು. ಚರ್ಮರೋಗ ತಜ್ಞರು ಅದರ ಮೇಲೆ ಮೂಲೆಯಿಂದ ಮೂಲೆಗೆ ಗೀಟೆಳೆದರು. ಪುಟ ತೋರಿಸಿ ಅಂಗಡಿಯಲ್ಲಿ ಮಾತ್ರೆ ಕೊಳ್ಳುವುದೇ ಎಲ್ಲ ಅನರ್ಥಕ್ಕೆ ಮೂಲ. ಅರ್ಧ ಗುಣವಾದ ರೋಗ ಮತ್ತೆ ಬರುವಾಗ ಮದ್ದಿಗೆ ಬಗ್ಗುವುದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನಲ್ಲಿ ಇದಕ್ಕೆಂದೇ ವಿಭಾಗವಿದೆ, ಲಕ್ಷಣಕ್ಕೆ ತಕ್ಕಂತೆ ಬಣ್ಣಬಣ್ಣದ ಪೆಟ್ಟಿಗೆಯಲ್ಲಿ ಔಷಧವನ್ನು ಹಣವಿಲ್ಲದೆ ಕೊಡುತ್ತಾರೆ, ಆ ವಿಷಯ ಬರೆಯಿರಿ ಎಂದರು. ಹೆಂಡತಿಗೆ ಮಾತ್ರ ಚಿಕಿತ್ಸೆಯಾಗಿ ಗಂಡ ಹಾಗೆಯೇ ಉಳಿದರೆ ಸೋಂಕು ಮತ್ತೆ ಮರಳುತ್ತದೆ; ಆದರೂ ಗಂಡಸರು ಬರುವುದಿಲ್ಲ, “ನನಗೇನಾಗಿದೆ?” ಎನ್ನುತ್ತಾರೆ. ಎಚ್‌ಐವಿ ಪುಟದಲ್ಲಿ 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನೂ, 2017ರ ಕಾಯಿದೆಯಂತೆ ಸೋಂಕಿತರ ವಿಷಯವನ್ನು ಗುಟ್ಟಾಗಿಡಬೇಕಾದ ಕರ್ತವ್ಯವನ್ನೂ ಸೇರಿಸಲಾಯಿತು.

ಹದಿನೆಂಟು ತುಂಬದ ಮಕ್ಕಳ ಪುಟದಲ್ಲಿ ಮಾತ್ರ ವೈದ್ಯರಲ್ಲಿಯೇ ಒಮ್ಮತ ಮೂಡಲಿಲ್ಲ. ‘ನೀವು ಹೇಳಿದ್ದು ಗುಟ್ಟಾಗಿಯೇ ಇರುತ್ತದೆ, ಧೈರ್ಯವಾಗಿ ವೈದ್ಯರಲ್ಲಿಗೆ ಹೋಗಿರಿ’ ಎಂದು ಹಾಳೆಯಲ್ಲಿತ್ತು. ವೈದ್ಯರೊಬ್ಬರು ಲೇಖನಿ ಕೆಳಗಿಟ್ಟು, “ಇದು ಸುಳ್ಳು. 2012ರ ಪೋಕ್ಸೊ ಕಾಯಿದೆಯ ಪ್ರಕಾರ ನಾನು ವರದಿ ಮಾಡಲೇಬೇಕು. ಮಾಡದಿದ್ದರೆ ನನಗೇ ಶಿಕ್ಷೆ. ಗುಟ್ಟಿನ ಭರವಸೆ ಕೊಟ್ಟು ಮಗುವನ್ನು ಕರೆದು ಆಮೇಲೆ ಪೊಲೀಸರಿಗೆ ತಿಳಿಸಿದರೆ ಅದು ಮೋಸವಲ್ಲವೇ?” ಎಂದರು. ಮತ್ತೊಬ್ಬ ವೈದ್ಯೆ ಒಪ್ಪಲಿಲ್ಲ. ವರದಿಯ ಭಯವನ್ನೇ ಮೊದಲು ಹೇಳಿದರೆ ಹುಡುಗಿ ಆಸ್ಪತ್ರೆಗೆ ಬರುವುದೇ ಇಲ್ಲ, ಸೂಲಗಿತ್ತಿಯ ಬಳಿಗೋ ನಕಲಿ ವೈದ್ಯನ ಬಳಿಗೋ ಹೋಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ಅಂಥ ಒಂದು ಹೆಣವನ್ನು ತಾವು ಕಣ್ಣಾರೆ ಕಂಡಿರುವುದಾಗಿ ಹೇಳಿದರು. ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರಿನ ತೀರ್ಪಿನಲ್ಲಿ, ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ ವೈದ್ಯರು ವರದಿಯಲ್ಲಿ ಆಕೆಯ ಹೆಸರನ್ನೂ ಗುರುತನ್ನೂ ತಿಳಿಸಬೇಕಾಗಿಲ್ಲವೆಂದಿರುವುದನ್ನು ಸೋದರಸೊಸೆ ನೆನಪಿಸಿದಳು. ಇಬ್ಬರೂ ಹಿರಿಯರು, ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಕೊನೆಗೆ ‘ಗುಟ್ಟಾಗಿಯೇ ಇರುತ್ತದೆ’ ಎಂಬ ಮಾತನ್ನು ಹೊಡೆದುಹಾಕಿ, ಕಾನೂನು ಏನು ಹೇಳುತ್ತದೆಂಬುದನ್ನು ನಾಲ್ಕು ಸರಳ ಸಾಲಿನಲ್ಲಿ ಬರೆದು, ಜೀವಕ್ಕೆ ಅಪಾಯವಿದ್ದಾಗ ಯಾವುದನ್ನೂ ಯೋಚಿಸದೆ ಆಸ್ಪತ್ರೆಗೆ ಬರಬೇಕೆಂದು ಮೇಲೆ ಹಾಕಿದರು. ಆ ಪುಟವನ್ನು ಕಾನೂನು ಬಲ್ಲವರೊಬ್ಬರು ನೋಡುವವರೆಗೆ ಪ್ರಕಟಿಸಬಾರದೆಂದು ತೀರ್ಮಾನವಾಗಿದೆ.

ನಾವು ಎಣಿಸದೇ ಇದ್ದ ಇನ್ನೊಂದು ಮಾತನ್ನು ಆಶಾ ಕಾರ್ಯಕರ್ತೆಯರೇ ಹೇಳಿದರು. ಹಳ್ಳಿಯ ಮನೆಯಲ್ಲಿ ಸೊಸೆಯ ಮೊಬೈಲು ಸೊಸೆಯೊಬ್ಬಳದೇ ಅಲ್ಲ. ಗಂಡ ನೋಡುತ್ತಾನೆ, ಮೈದುನ ನೋಡುತ್ತಾನೆ, ಮಕ್ಕಳು ಆಟವಾಡುತ್ತಾರೆ. ಪುಟದ ನೆತ್ತಿಯಲ್ಲಿ ದೊಡ್ಡ ಚಿತ್ರ ಬೇಡ, ಸದ್ದು ಬೇಡ, ಒಂದೇ ಒತ್ತಿಗೆ ಪುಟ ಮುಚ್ಚುವಂತಿರಲಿ, ಹೆಸರು ವಿಳಾಸ ಕೇಳಬೇಡಿರಿ ಎಂದರು. ಪದವೀಧರರಾದ ನಮ್ಮ ಯುವ ಮಿತ್ರರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಆ ಹುಡುಗನ ಸುದ್ದಿ ಓದುಗರಿಗೆ ಬೇಕಾಗಿರಬಹುದು. ಅವನು ಪದವಿ ಮುಗಿಸಿ ಈಗ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದ್ದೇವೆ. ಸ್ವಪ್ನಸ್ಖಲನದ ಪುಟವನ್ನು ಮನೋವೈದ್ಯರು ತಿದ್ದಿದ ಮೇಲೆ ಅವನಿಗೂ ತೋರಿಸಿದೆವು. ಮೊದಲ ಪರಿಚ್ಛೇದದಲ್ಲಿ ಗ್ರಂಥಿಗಳ ವಿವರಣೆಯಿತ್ತು. ಅವನು ಅದನ್ನು ಕೆಳಕ್ಕೆ ಹಾಕಿ, ಮೇಲೆ ಪೆನ್ಸಿಲಿನಲ್ಲಿ, ‘ಇದಕ್ಕೆ ಔಷಧ ಬೇಕಿಲ್ಲ. ಯಾರಿಗೂ ಹಣ ಕೊಡಬೇಡಿರಿ’ ಎಂದು ಬರೆದ. ಮನೋವೈದ್ಯರು ಆ ಸಾಲನ್ನು ಹಾಗೆಯೇ ಉಳಿಸಿಕೊಂಡರು.

ನಲವತ್ತು ಪುಟಗಳಲ್ಲಿ ಇಪ್ಪತ್ತೊಂಬತ್ತು ಇಬ್ಬಿಬ್ಬರು ಓದಿ ಮುಗಿದಿವೆ. ಪುರುಷರ ಬಂಜೆತನ, ಮಧುಮೇಹಿಗಳ ದಾಂಪತ್ಯ ಸಮಸ್ಯೆ, ಮುಟ್ಟು ನಿಲ್ಲುವ ಕಾಲದ ತೊಂದರೆ, ಬಾಣಂತನದ ನಂತರದ ದಿನಗಳು ಮೊದಲಾದ ಹನ್ನೊಂದು ಪುಟಗಳು ಓದುವವರಿಲ್ಲದೆ ಕಾದಿವೆ. ನಮ್ಮ ಓದುಗ ಕುಟುಂಬಗಳಲ್ಲಿ ವೈದ್ಯರಿಲ್ಲದ, ದಾದಿಯರಿಲ್ಲದ ಬಳಗ ವಿರಳ. ಮೂತ್ರಾಂಗ ತಜ್ಞರು, ಮಧುಮೇಹ ತಜ್ಞರು, ಉಪಕೇಂದ್ರಗಳ ಸೋದರಿಯರು, ನಿವೃತ್ತರಾಗಿ ಮನೆಯಲ್ಲಿರುವ ಹಿರಿಯ ದಾದಿಯರು ಯಾರಾದರೂ ಒಪ್ಪುವುದಾದರೆ ಪತ್ರಿಕೆಯ ಕಾರ್ಯಾಲಯಕ್ಕೆ ಒಂದು ಕಾರ್ಡು ಬರೆದರೆ ಸಾಕು. ಹೆಸರು ಹಾಕಬೇಕೋ ಬೇಡವೋ ಎಂಬುದು ಅವರ ಇಚ್ಛೆ. ಒಬ್ಬರಿಗೆ ಎರಡೇ ಪುಟ, ಅರ್ಧ ತಾಸಿನ ಕೆಲಸ. ಕೆಂಪು ಲೇಖನಿಯನ್ನು ನಾವೇ ತಂದುಕೊಡುತ್ತೇವೆ.